ಇತಿಹಾಸದ ಪ್ರಾಜೆಕ್ಟ್ ಅಂಗಡಿಯಲ್ಲಿ ಸಿಗಬಾರದು: ಪ್ರೌಢಶಾಲೆಗಳಿಗೊಂದು ಬಹಿರಂಗ ಪತ್ರ

ಪ್ರೌಢಶಾಲೆಗಳ ಸಮಾಜ ವಿಜ್ಞಾನ ಶಿಕ್ಷಕರಿಗೆ, ಮುಖ್ಯ ಶಿಕ್ಷಕರಿಗೆ ಮತ್ತು ಶಾಲಾ ಶಿಕ್ಷಣದ ಹೊಣೆ ಹೊತ್ತ ಎಲ್ಲ ಅಧಿಕಾರಿಗಳಿಗೆ,

ಮಾನ್ಯರೇ,

ನಾನು ಶಿಕಾರಿಪುರ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ಈಗ ನಮ್ಮ ಗ್ರಂಥಾಲಯಗಳಿಗೆ ಅರಿವು ಕೇಂದ್ರ ಎಂಬ ಹೆಸರಿದೆ. ಮಕ್ಕಳಿಗೆ ಸದಸ್ಯತ್ವ ಉಚಿತ. ಸಂಜೆ ಶಾಲೆ ಬಿಟ್ಟ ಮೇಲೆ ಇಲ್ಲಿಗೆ ಬರುವವರಲ್ಲಿ 8ರಿಂದ 10ನೇ ತರಗತಿಯ ಮಕ್ಕಳೇ ಜಾಸ್ತಿ. ಅವರ ಬ್ಯಾಗು, ಅವರ ಮಾತು, ಅವರ ಗಾಬರಿ ಎಲ್ಲವನ್ನೂ ಹತ್ತಿರದಿಂದ ನೋಡುತ್ತೇನೆ. ಅದರಲ್ಲೂ ಇತಿಹಾಸದ ಪ್ರಾಜೆಕ್ಟ್ ಕೊಡುವ ವಾರ ಬಂದರೆ ಸಾಕು, ನಮ್ಮ ಗ್ರಂಥಾಲಯ ಬಸ್ ಸ್ಟ್ಯಾಂಡ್ ಆಗಿಬಿಡುತ್ತದೆ. ಆ ವಾರಗಳಲ್ಲಿ ಕಂಡದ್ದನ್ನು ನಿಮ್ಮ ಮುಂದೆ ಇಡಬೇಕು ಅಂತ ಈ ಪತ್ರ.

ಮಕ್ಕಳು ಬಂದು ಕೇಳುವುದು ಪುಸ್ತಕವನ್ನಲ್ಲ. "ಅಕ್ಕಾ, ವಿಜಯನಗರ ಪ್ರಾಜೆಕ್ಟ್ ಇದೆಯಾ? ಹತ್ತು ಪೇಜ್ ಬೇಕು, ಬಣ್ಣದ ಫೋಟೊ ಬೇಕು, ನಾಳೆನೇ ಕೊಡಬೇಕು." ವಿಜಯನಗರದ ಮೇಲೆ ನಾಲ್ಕು ಪುಸ್ತಕ ತೆಗೆದು ಮೇಜಿನ ಮೇಲೆ ಇಟ್ಟರೆ ಅವರ ಮುಖ ಸಪ್ಪಗಾಗುತ್ತದೆ. ಓದುವಷ್ಟು ಹೊತ್ತು ಅವರಲ್ಲಿಲ್ಲ. ಆಮೇಲೆ ಅವರು ಹೋಗುವುದು ಪೇಟೆಯ ಜೆರಾಕ್ಸ್ ಅಂಗಡಿಗೆ. ಅಲ್ಲಿನ ಕಂಪ್ಯೂಟರಿನಲ್ಲಿ ಎಲ್ಲ ಪ್ರಾಜೆಕ್ಟೂ ರೆಡಿ ಇರುತ್ತದೆ. ಮೇಲಿನ ಪುಟದಲ್ಲಿ ಹೆಸರು, ತರಗತಿ, ಶಾಲೆ ಬದಲಾಯಿಸಿ, ಪ್ರಿಂಟ್ ತೆಗೆದು, ಸ್ಪೈರಲ್ ಹಾಕಿ ಕೊಡುತ್ತಾರೆ. ಅಂಗಡಿಯವರನ್ನು ನಾನು ದೂರುವುದಿಲ್ಲ. ಕೇಳಿದ್ದನ್ನು ಅವರು ಕೊಡುತ್ತಿದ್ದಾರೆ, ಅಷ್ಟೇ.

ಹಾಗೆ ಬಂದ ಒಂದು ಪ್ರಾಜೆಕ್ಟನ್ನು ಒಮ್ಮೆ ಕೂತು ಓದಿದೆ. ರಕ್ಕಸ ತಂಗಡಿ ಯುದ್ಧ ನಡೆದದ್ದು 1656ರಲ್ಲಿ ಎಂದು ಅದರಲ್ಲಿತ್ತು. ನಡೆದದ್ದು 1565ರಲ್ಲಿ. ಟೈಪ್ ಮಾಡುವಾಗ ಅಂಕಿ ಅದಲು ಬದಲಾಗಿದೆ. ಮುಂದಿನ ವರ್ಷ ಇನ್ನೊಬ್ಬ ಹುಡುಗನ ಪ್ರಾಜೆಕ್ಟಿನಲ್ಲೂ 1656 ಇತ್ತು. ಬೇರೆ ಶಾಲೆಯ ಹುಡುಗಿಯದರಲ್ಲೂ ಅದೇ. ಎಲ್ಲದರ ಕೊನೆಯ ಪುಟದಲ್ಲಿ ಕೆಂಪು ಶಾಯಿಯ ಸಹಿ ಇತ್ತು, "ಉತ್ತಮ" ಅಂತಲೂ ಬರೆದಿತ್ತು. ಬರೆದ ಮಕ್ಕಳೂ ಓದಿಲ್ಲ, ಸಹಿ ಹಾಕಿದವರೂ ಓದಿಲ್ಲ ಎಂದು ಇದಕ್ಕಿಂತ ಸ್ಪಷ್ಟವಾಗಿ ಹೇಗೆ ಗೊತ್ತಾಗಬೇಕು?

ಇದಕ್ಕೆ ಆಗುವ ಖರ್ಚನ್ನೂ ಹೇಳಬೇಕು. ಬಣ್ಣದ ಪ್ರಿಂಟು, ಚಾರ್ಟು, ಥರ್ಮಾಕೋಲು, ಗ್ಲಿಟರ್ ಪೆನ್ನು, ಪೇಟೆಗೆ ಹೋಗಿ ಬರುವ ಬಸ್ ಚಾರ್ಜು. ಕೂಲಿಗೆ ಹೋಗುವ ತಾಯಿಗೆ ಇದು ಒಂದು ದಿನದ ದುಡಿಮೆ. ಮನೆಯಲ್ಲಿ ಇಬ್ಬರು ಮಕ್ಕಳಿದ್ದರೆ ಕೇಳುವುದೇ ಬೇಡ. "ಮಾಡ್ಕೊಂಡು ಹೋಗದೇ ಇದ್ರೆ ಮಾರ್ಕ್ಸ್ ಕಟ್ ಮಾಡ್ತಾರಂತೆ" ಎಂದು ಹೇಳಿ ಸಾಲ ಮಾಡಿ ಕೊಡಿಸಿದವರನ್ನು ನಾನು ಬಲ್ಲೆ. ಸರ್ಕಾರಿ ಶಾಲೆಯಲ್ಲಿ ಪುಸ್ತಕ ಉಚಿತ, ಊಟ ಉಚಿತ, ಪ್ರಾಜೆಕ್ಟಿಗೆ ಮಾತ್ರ ಕೈಯಿಂದ ಕೊಡಬೇಕು.

ಶಿಕ್ಷಕರ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಲಿಖಿತ ಪರೀಕ್ಷೆಗೆ 80 ಅಂಕ, ಆಂತರಿಕ ಮೌಲ್ಯಮಾಪನಕ್ಕೆ 20. ಆ 20 ಅಂಕಕ್ಕಾಗಿ ವರ್ಷವಿಡೀ ರೂಪಣಾತ್ಮಕ ಮೌಲ್ಯಮಾಪನ, ಅಂದರೆ ಎಫ್ಎ-1, ಎಫ್ಎ-2, ಎಫ್ಎ-3, ಎಫ್ಎ-4. ಪ್ರತಿಯೊಂದರಲ್ಲೂ ಚಟುವಟಿಕೆ, ಪ್ರತಿಯೊಂದಕ್ಕೂ ದಾಖಲೆ. ಸಮಾಜ ವಿಜ್ಞಾನ ಅಂದರೆ ಬರೀ ಇತಿಹಾಸವೂ ಅಲ್ಲ. ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ಭೂಗೋಳ, ಅರ್ಥಶಾಸ್ತ್ರ, ವ್ಯವಹಾರ ಅಧ್ಯಯನ, ಎಲ್ಲವೂ ಒಬ್ಬರ ತಲೆ ಮೇಲೆ. ಅದರ ನಡುವೆ ಸಮೀಕ್ಷೆ ಕೆಲಸ, ಚುನಾವಣೆ ಕೆಲಸ, ಇಲಾಖೆಯ ಆನ್‌ಲೈನ್ ದಾಖಲೆ ವ್ಯವಸ್ಥೆಯಾದ ಸ್ಯಾಟ್ಸ್‌ನಲ್ಲಿ ಅಂಕ ತುಂಬುವ ಕೆಲಸ. ಮೂರು ತರಗತಿಯ ಎಲ್ಲ ಮಕ್ಕಳ ಎಲ್ಲ ಪ್ರಾಜೆಕ್ಟನ್ನೂ ಸಾಲು ಸಾಲಾಗಿ ಓದಿ ಎಂದು ಯಾರು ತಾನೇ ಹೇಳಬಲ್ಲರು? ಹಾಗಾಗಿ ನನ್ನ ದೂರು ಯಾವ ಒಬ್ಬ ಶಿಕ್ಷಕರ ಮೇಲೂ ಅಲ್ಲ. ಓದಲಾಗದಷ್ಟು ಪ್ರಾಜೆಕ್ಟ್ ಮಾಡಿಸುವ ಪದ್ಧತಿಯ ಮೇಲೆ, ಮತ್ತು ಒಳಗೇನಿದೆ ಎಂಬುದನ್ನು ಬಿಟ್ಟು ಹೊರಗಿನ ಅಂದಕ್ಕೆ ಅಂಕ ಕೊಡುವ ಅಭ್ಯಾಸದ ಮೇಲೆ.

ಆ ಅಭ್ಯಾಸದಿಂದ ಏನಾಗುತ್ತದೆ ಎಂದು ಒಂದು ಉದಾಹರಣೆ ಹೇಳುತ್ತೇನೆ. ಶಾಲೆಯ ಹೆಸರಾಗಲಿ ಮಗುವಿನ ಹೆಸರಾಗಲಿ ಬರೆಯುವುದಿಲ್ಲ.

10ನೇ ತರಗತಿಯ ಒಬ್ಬಳು ಹುಡುಗಿ ನಮ್ಮಲ್ಲಿಗೆ ದಿನಾ ಬರುತ್ತಿದ್ದಳು. ಒಂದು ಸಂಜೆ ಪ್ಲಾಸ್ಟಿಕ್ ಕವರಿನಲ್ಲಿ ಒಂದು ಹಳೇ ಕಾಗದ ತಂದಳು. ಮಡಿಚಿದ ಕಡೆಯೆಲ್ಲ ಹರಿದು, ಒಂದು ಮೂಲೆ ಗೆದ್ದಲು ತಿಂದಿತ್ತು. ಅವಳ ಅಜ್ಜನ ಟ್ರಂಕಿನಲ್ಲಿ ಸಿಕ್ಕಿದ್ದು. ಭೂ ನ್ಯಾಯಮಂಡಳಿಯ ಆದೇಶದ ನಕಲು. ಅಜ್ಜ ಗೇಣಿದಾರರ ಅರ್ಜಿಯಾದ ಫಾರಂ ನಂಬರ್ 7 ತುಂಬಿ ಕೊಟ್ಟಿದ್ದರು, ಗೇಣಿಗೆ ಉಳುತ್ತಿದ್ದ ಗದ್ದೆ ಅವರ ಹೆಸರಿಗೆ ಬಂತು ಎಂದು ಅದರಲ್ಲಿತ್ತು. "ಅಕ್ಕಾ, ಇದು ಏನು?" ಎಂದು ಕೇಳಿದಳು. 1974ರ ಭೂ ಸುಧಾರಣೆಯ ತಿದ್ದುಪಡಿ, ದೇವರಾಜ ಅರಸು ಅವರ ಸರ್ಕಾರ, ಉಳುವವನೇ ಹೊಲದೊಡೆಯ ಎಂಬ ಘೋಷಣೆ, ನನಗೆ ಗೊತ್ತಿದ್ದಷ್ಟು ಹೇಳಿದೆ. ಉಳಿದದ್ದನ್ನು ಅಜ್ಜಿಯನ್ನೇ ಕೇಳು ಅಂದೆ.

ಅವಳು ಕೇಳಿದಳು. ಸುಮ್ನೆ ಕೇಳಲಿಲ್ಲ, ಪ್ರಶ್ನೆ ಬರೆದುಕೊಂಡು ಹೋಗಿ ಕೇಳಿದಳು. ಸುಗ್ಗಿಯಲ್ಲಿ ಒಡೆಯರ ಮನೆಗೆ ಭತ್ತ ಹೊತ್ತುಕೊಂಡು ಹೋಗುತ್ತಿದ್ದವರು ಯಾರು, ಯಾವ ಕೊಳಗದಲ್ಲಿ ಅಳೆಯುತ್ತಿದ್ದರು, ಉಳಿದದ್ದರಲ್ಲಿ ಎಷ್ಟು ತಿಂಗಳು ಊಟ ಆಗುತ್ತಿತ್ತು, ನ್ಯಾಯಮಂಡಳಿಯ ಮುಂದೆ ಹೋಗುವ ದಿನ ಅಜ್ಜ ಯಾವ ಅಂಗಿ ಹಾಕಿಕೊಂಡಿದ್ದರು. ಅಂಗಿ ಸಾಲ ತಂದದ್ದಂತೆ. ತಾಲ್ಲೂಕು ಕಚೇರಿಯಲ್ಲಿ ಒಡೆಯರೂ ಅಜ್ಜನೂ ಎದುರಾಬದುರು ನಿಂತದ್ದು ಅದೇ ಮೊದಲಂತೆ. ಅಜ್ಜಿ ಕೊಳಗದ ವಿಷಯ ಹೇಳಿದ್ದೇ ತಡ, ನಾನು ಅವಳಿಗೆ ಪಕ್ಕದ ಸಾಗರ ತಾಲ್ಲೂಕಿನ ಕಾಗೋಡು ಸತ್ಯಾಗ್ರಹದ ಬಗ್ಗೆ ಓದಲು ಕೊಟ್ಟೆ. 1951ರಲ್ಲಿ ಅಲ್ಲಿನ ಗೇಣಿದಾರರು ಎದ್ದು ನಿಂತದ್ದು, ಗೇಣಿ ಅಳೆಯುವ ಕೊಳಗದ ಅಳತೆಯೇ ಆ ಜಗಳದ ಬುಡದಲ್ಲಿ ಇದ್ದದ್ದು, ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾದದ್ದು ಅವಳಿಗೆ ಗೊತ್ತಾಯಿತು. "ಇದು ಇಷ್ಟು ಹತ್ತಿರ ನಡೆದಿದ್ದಾ?" ಅಂದಳು.

ಆಮೇಲೆ ಅವಳಿಗೆ ಒಂದು ತೊಡಕು ಸಿಕ್ಕಿತು. ಅರ್ಜಿ ಕೊಟ್ಟ ವರ್ಷವೇ ಗದ್ದೆ ನಮ್ಮದಾಯಿತು ಎಂದು ಅಜ್ಜಿ ಹೇಳುತ್ತಾರೆ. ಆದೇಶದ ತಾರೀಕು ನೋಡಿದರೆ ಎಷ್ಟೋ ವರ್ಷ ಆದ ಮೇಲಿನದು. ಯಾವುದು ಸರಿ? ಅವಳು ಅಜ್ಜಿಯ ಮಾತನ್ನು ಅಳಿಸಲಿಲ್ಲ. ಎರಡನ್ನೂ ಬರೆದಳು. ಬಹುಶಃ ಅರ್ಜಿ ಕೊಟ್ಟ ಮೇಲೆ ಗೇಣಿ ಕೊಡುವುದು ನಿಂತಿರಬೇಕು, ಹಾಗಾಗಿ ಅಜ್ಜಿಯ ಲೆಕ್ಕದಲ್ಲಿ ಗದ್ದೆ ಆವತ್ತೇ ನಮ್ಮದು, ಸರ್ಕಾರದ ಲೆಕ್ಕದಲ್ಲಿ ಆಮೇಲೆ, ಎಂದು ತನ್ನ ಊಹೆಯನ್ನೂ ಬರೆದಳು. ಊಹೆ ಎಂದೇ ಬರೆದಳು. ನಾನು ಇತಿಹಾಸದ ಎಂ.ಎ. ಮಾಡಿದವಳಲ್ಲ. ಆದರೂ ಹೇಳುತ್ತೇನೆ, ಇತಿಹಾಸಕಾರರು ಮಾಡುವ ಕೆಲಸ ಇದೇ ಅಲ್ವಾ?

ಇದನ್ನೇ ಅವಳು ಇತಿಹಾಸದ ಪ್ರಾಜೆಕ್ಟ್ ಆಗಿ ಕೊಟ್ಟಳು. ಅದಕ್ಕೆ ತರಗತಿಯಲ್ಲೇ ಎಲ್ಲಕ್ಕಿಂತ ಕಡಿಮೆ ಅಂಕ ಬಂತು. ಕಾರಣಗಳನ್ನು ಅವಳೇ ಹೇಳಿದಳು. ಕೊಟ್ಟ ಪಟ್ಟಿಯಲ್ಲಿ ಆ ವಿಷಯ ಇರಲಿಲ್ಲ. ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ ಕೈಯಲ್ಲಿ ಬರೆದಿದ್ದಳು. ಫೋಟೊ ಇರಲಿಲ್ಲ, ಪೆನ್ಸಿಲಿನಲ್ಲಿ ಬಿಡಿಸಿದ ಕೊಳಗದ ಚಿತ್ರ ಒಂದೇ ಇತ್ತು. ಪೇಟೆಯಿಂದ ಥರ್ಮಾಕೋಲಿನ ತಾಜ್‌ಮಹಲ್ ತಂದ ಹುಡುಗನಿಗೆ ಪೂರ್ತಿ ಅಂಕ. ಅದನ್ನು ಮುಖ್ಯ ಶಿಕ್ಷಕರ ಕೋಣೆಯ ಬೀರುವಿನ ಮೇಲೆ ಇಟ್ಟರಂತೆ. ಆ ಹುಡುಗನದು ಏನೂ ತಪ್ಪಿಲ್ಲ. ಅವನಿಗೆ ಹಾಗೆ ಮಾಡು ಎಂದೇ ಹೇಳಿಕೊಟ್ಟಿದ್ದು. ಆದರೆ ಅಂಕ ಕೊಟ್ಟ ಆ ದಿನ ಇಡೀ ತರಗತಿಗೆ ಒಂದು ಪಾಠ ಆಯಿತು. ಮುಂದಿನ ಸಲ ಆ ಹುಡುಗಿಯೂ ಜೆರಾಕ್ಸ್ ಅಂಗಡಿಗೇ ಹೋದಳು. ನನಗೆ ಎಲ್ಲಕ್ಕಿಂತ ಸಂಕಟ ಆಗಿದ್ದು ಅದಕ್ಕೆ.

ನಿಮ್ಮದೇ ಪಠ್ಯಪುಸ್ತಕ ಹೇಳುವುದು ಬೇರೆ. 8ನೇ ತರಗತಿಯ ಇತಿಹಾಸ ಶುರುವಾಗುವುದೇ "ಆಧಾರಗಳು" ಎಂಬ ಪಾಠದಿಂದ. ರಾಜರಿಗಿಂತ ಮೊದಲು, ಯುದ್ಧಗಳಿಗಿಂತ ಮೊದಲು, ನಮಗೆ ಇದೆಲ್ಲ ಹೇಗೆ ಗೊತ್ತಾಯಿತು ಎಂಬ ಪ್ರಶ್ನೆ. ಶಾಸನ, ನಾಣ್ಯ, ಸ್ಮಾರಕ, ಸಾಹಿತ್ಯ, ಬಾಯಿಂದ ಬಾಯಿಗೆ ಬಂದ ಕಥೆ. ಎಷ್ಟು ಚೆನ್ನಾಗಿ ಯೋಚಿಸಿ ಆ ಪಾಠವನ್ನು ಮೊದಲಿಗೆ ಇಟ್ಟಿದ್ದಾರೆ! 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಕೂಡ ಮೊದಲ ಮಾತಾಗಿ ಹೇಳಿದ್ದು, ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಿ ಎಂದು. ಇದೆಲ್ಲ ಕಾಗದದ ಮೇಲೆ ಇದೆ. ಪ್ರಾಜೆಕ್ಟ್ ಕೊಡುವಾಗ ಮಾತ್ರ ಮರೆತುಹೋಗುತ್ತದೆ.

ನಮ್ಮ ತಾಲ್ಲೂಕಿನಲ್ಲಿ ಕೂತು ಥರ್ಮಾಕೋಲಿನ ತಾಜ್‌ಮಹಲ್ ಮಾಡಿಸುವುದು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ತಾಳಗುಂದ ಇಲ್ಲೇ ಇದೆ. ಪ್ರಣವೇಶ್ವರ ದೇವಸ್ಥಾನದ ಮುಂದಿನ ಕಂಬದ ಮೇಲೆ ಕದಂಬ ರಾಜ್ಯ ಕಟ್ಟಿದ ಮಯೂರಶರ್ಮನ ಕಥೆ ಇದೆ. ಅಜ್ಜ ವೀರಶರ್ಮನ ಜೊತೆ ಕಂಚಿಗೆ ಓದಲು ಹೋದದ್ದು, ಅಲ್ಲಿ ಪಲ್ಲವರ ಕುದುರೆ ಸವಾರನ ಜೊತೆ ಜಗಳ ಆದದ್ದು, ಓದು ಬಿಟ್ಟು ಕತ್ತಿ ಹಿಡಿದದ್ದು. ಬರೆದವನ ಹೆಸರೂ ಉಂಟು, ಕುಬ್ಜ. ಕದಂಬರ ದೊರೆ ಕಾಕುಸ್ಥವರ್ಮ ಅಲ್ಲಿ ಕಟ್ಟಿಸಿದ ಕೆರೆಯ ನೆನಪಿಗೆ ಹಾಕಿಸಿದ ಶಾಸನ ಅದು. ಇದೇ ಜಾಗದಲ್ಲಿ 2013ರ ಉತ್ಖನನದಲ್ಲಿ ಸಿಕ್ಕ ಸಿಂಹಕಟಾಂಜನದ, ಅಂದರೆ ಮೆಟ್ಟಿಲ ಪಕ್ಕದ ಸಿಂಹದ ಕೆತ್ತನೆಯ ಕಲ್ಲಿನ ಶಾಸನವನ್ನು ಕ್ರಿ.ಶ. 370ರ ಕಾಲದ್ದು ಎಂದು ಪುರಾತತ್ವ ಇಲಾಖೆ ಗುರುತಿಸಿದೆ. ಕನ್ನಡದ ಅತಿ ಹಳೆಯ ಶಾಸನ ಹಲ್ಮಿಡಿಯದೋ ತಾಳಗುಂದದ್ದೋ ಎಂಬ ಚರ್ಚೆ ದೊಡ್ಡವರ ನಡುವೆ ನಡೆಯುತ್ತಿದೆ. ಬಸ್ಸಿನಲ್ಲಿ ಹೋಗಿ ಆ ಜಾಗ ನೋಡಿ ಬರಬಹುದಾದ ಮಕ್ಕಳು ಪ್ರಾಜೆಕ್ಟಿನಲ್ಲಿ ಹಲ್ಮಿಡಿಯ ಫೋಟೊ ಅಂಟಿಸಿ ಮುಗಿಸುತ್ತಾರೆ. ತಾಳಗುಂದದ ಹೆಸರೇ ಬರುವುದಿಲ್ಲ.

ಬಳ್ಳಿಗಾವಿಗೆ ಶಾಲೆಗಳು ಪ್ರವಾಸ ಹೋಗುತ್ತವೆ, ಗಂಡಭೇರುಂಡ ಕಂಬದ ಮುಂದೆ ಗ್ರೂಪ್ ಫೋಟೊ ಆಗುತ್ತದೆ. ಅಲ್ಲಿನ ಕೋಡಿಮಠದ 1162ರ ಶಾಸನದ ಸುದ್ದಿ ಮಕ್ಕಳಿಗೆ ಯಾರಾದರೂ ಹೇಳುತ್ತಾರಾ? ವೇದ, ವ್ಯಾಕರಣ, ದರ್ಶನ, ಪುರಾಣ ಎಲ್ಲ ಕಲಿಸುತ್ತಿದ್ದ ಜಾಗ ಅದು. ಅಷ್ಟೇ ಅಲ್ಲ, ಕುಂಟರು, ಕುರುಡರು, ಕಿವುಡರು, ದಿಕ್ಕಿಲ್ಲದವರು ಬಂದರೆ ಅನ್ನ, ಕಾಯಿಲೆಯವರಿಗೆ ಔಷಧ. ಇದನ್ನು ನಾನು ಒಮ್ಮೆ ಮಕ್ಕಳಿಗೆ ಓದಿ ಹೇಳಿದಾಗ 8ನೇ ತರಗತಿಯ ಒಬ್ಬ ಕೇಳಿದ, "ಅಕ್ಕಾ, ಅಷ್ಟು ಜನಕ್ಕೆ ಊಟ ಹಾಕೋಕೆ ದುಡ್ಡು ಎಲ್ಲಿಂದ ಬರ್ತಿತ್ತು?" ದತ್ತಿ, ದಾನದ ಊರು, ತೆರಿಗೆ ಎಂದೆಲ್ಲ ಮಾತು ಎಲ್ಲೆಲ್ಲಿಗೋ ಹೋಯಿತು. ಒಂದು ಒಳ್ಳೆಯ ಪ್ರಾಜೆಕ್ಟಿಗೆ ಆ ಒಂದು ಪ್ರಶ್ನೆ ಸಾಕು.

ದೊಡ್ಡ ದೇವಸ್ಥಾನ ಇರುವ ಊರೇ ಆಗಬೇಕು ಅಂತಿಲ್ಲ. ನಮ್ಮ ಕಡೆ ಕೆರೆ ಏರಿ ಮೇಲೆ, ಬೇಲಿ ಸಂದಿಯಲ್ಲಿ ವೀರಗಲ್ಲು ಬಿದ್ದಿರುತ್ತವೆ. ಕೆಲವು ಬಟ್ಟೆ ಒಗೆಯುವ ಕಲ್ಲಾಗಿವೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ಎಷ್ಟೋ ಕಲ್ಲಿನಲ್ಲಿ ಅದು ದನ ಹಿಡಿದವರ ಜೊತೆಗಿನ ಕಾಳಗ. ನಡುವೆ ವೀರನನ್ನು ಕರೆದೊಯ್ಯುವ ಅಪ್ಸರೆಯರು. ಮೇಲೆ ಲಿಂಗ, ಪೂಜಾರಿ, ಸೂರ್ಯ, ಚಂದ್ರ. ಇಬ್ಬರು ಹುಡುಗರು ಇಂಥದೊಂದು ಕಲ್ಲಿನ ಅಕ್ಷರ ಕಾಣುತ್ತಿಲ್ಲ ಎಂದು ಸೀಮೆಸುಣ್ಣ ಉಜ್ಜಲು ಹೊರಟಿದ್ದರು. ಬೇಡ, ಕಲ್ಲಿಗೆ ಏನನ್ನೂ ಹಚ್ಚಬೇಡಿ, ಕತ್ತಲಾದ ಮೇಲೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ನೋಡಿ ಎಂದೆ. ಒಬ್ಬನ ಅಪ್ಪನನ್ನು ಜೊತೆಗೆ ಕರೆದುಕೊಂಡು ಹೋಗಿ ನೋಡಿದರು. ಹಗಲಲ್ಲಿ ಏನೂ ಕಾಣದ ಕಡೆ ಎರಡು ಸಾಲು ಅಕ್ಷರದ ನೆರಳು ಎದ್ದಿತ್ತು. ಓದಲು ಅವರಿಗೆ ಬರಲಿಲ್ಲ, ನನಗೂ ಬರಲಿಲ್ಲ. ಆದರೆ ಅಲ್ಲಿ ಅಕ್ಷರ ಇದೆ ಎಂದು ಆ ಊರಿಗೆ ಗೊತ್ತಾಗಿದ್ದೇ ಆವತ್ತು. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯ ಕರ್ನಾಟಿಕದ 7ನೇ ಸಂಪುಟ ಬಂದದ್ದು 1902ರಲ್ಲಿ. ಶಿಕಾರಿಪುರ ತಾಲ್ಲೂಕಿನ ಶಾಸನಗಳು ಊರಿನ ಹೆಸರಿನ ಸಮೇತ ಅದರಲ್ಲಿವೆ. ತಮ್ಮ ಊರಿನ ಹೆಸರನ್ನು ಆ ಸಂಪುಟದಲ್ಲಿ ಹುಡುಕುವುದೇ ಮಕ್ಕಳಿಗೆ ಒಂದು ಪ್ರಾಜೆಕ್ಟ್ ಆಗಬಹುದು.

ಕಲೆಯ ಚಟುವಟಿಕೆ ಬೇಡ ಎಂದು ನಾನು ಹೇಳುತ್ತಿಲ್ಲ. ನಾಟಕ ಮಾಡಲಿ, ನಕ್ಷೆ ಬರೆಯಲಿ, ಮಣ್ಣಿನಲ್ಲಿ ಕೋಟೆ ಕಟ್ಟಲಿ. 10ನೇ ತರಗತಿಯ ಪಾಠದಲ್ಲಿ ಬ್ರಿಟಿಷರ ವಿರುದ್ಧ ದಂಡು ಕಟ್ಟಿದ ದೋಂಡಿಯ ವಾಘ್ ಬರುತ್ತಾನೆ, ಚನ್ನಗಿರಿಯವನು, ಶಿಕಾರಿಪುರದ ಕೋಟೆ ಹಿಡಿದವನು. ಅವನ ದಂಡು ಎಲ್ಲಿಂದ ಎಲ್ಲಿಗೆ ಹೋಯಿತು ಎಂದು ಮಕ್ಕಳೇ ನಕ್ಷೆ ಬರೆದರೆ ಆ ಪಾಠ ಮರೆಯುತ್ತದಾ? ಬೇಡ ಅನ್ನುವುದು ಕೊಂಡು ತಂದ ಕಲೆಯನ್ನು ಮಾತ್ರ.

ನಮ್ಮ ತಾಲ್ಲೂಕಿನ ಈಸೂರನ್ನೇ ತೆಗೆದುಕೊಳ್ಳಿ. 1942ರಲ್ಲಿ ಕ್ವಿಟ್ ಇಂಡಿಯಾ ಚಳವಳಿಯ ಹೊತ್ತಿನಲ್ಲಿ ತಮ್ಮದೇ ಸರ್ಕಾರ ಎಂದು ಘೋಷಿಸಿಕೊಂಡ ಊರು. "ಏಸೂರು ಕೊಟ್ಟರೂ ಈಸೂರು ಕೊಡೆವು" ಎಂಬ ಮಾತು ನಮ್ಮಲ್ಲಿ ಎಲ್ಲರ ಬಾಯಲ್ಲಿದೆ. ಹುಡುಗರನ್ನೇ ಅಮಲ್ದಾರ (ಈಗಿನ ತಹಶೀಲ್ದಾರ), ಸಬ್ ಇನ್‌ಸ್ಪೆಕ್ಟರ್ ಎಂದು ನೇಮಿಸಿದ ಊರು ಅದು, ಅಂದರೆ ಈ ಕಥೆಯಲ್ಲಿ ಶಾಲೆಯ ಮಕ್ಕಳ ವಯಸ್ಸಿನವರೇ ಇದ್ದಾರೆ. ಆ ಸೆಪ್ಟೆಂಬರಿನಲ್ಲಿ ಗಲಭೆಯಾಗಿ ನಿಜವಾದ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರರೂ ಸತ್ತರು. ಆಮೇಲೆ ಊರಿನ ಮೇಲೆ ಪೊಲೀಸರು ಬಿದ್ದರು. ಜನ ಕಾಡು ಸೇರಿದರು. 1943ರ ಮಾರ್ಚಿನಲ್ಲಿ ಐವರನ್ನು ಗಲ್ಲಿಗೇರಿಸಿದರು. ಇದನ್ನು ಆಗಸ್ಟ್ 15ಕ್ಕೆ ಜೈಕಾರ ಹಾಕುವ ಐದು ನಿಮಿಷದ ನಾಟಕ ಮಾಡಿ ಮುಗಿಸುತ್ತೇವೆ. ಅದರ ಬದಲು ಮಕ್ಕಳೇ ಊರಿಗೆ ಹೋಗಿ, ಸ್ಮಾರಕ ನೋಡಿ, ಆ ಮನೆತನದವರ ಜೊತೆ ಕೂತು ಮಾತಾಡಿ, ಆಮೇಲೆ ನಾಟಕ ಬರೆದರೆ? ಹೆಂಗಸರು ಆ ದಿನಗಳಲ್ಲಿ ಏನು ಅನುಭವಿಸಿದರು ಎಂದು ಕೇಳಿದರೆ? ಸತ್ತ ಆ ಇಬ್ಬರು ಅಧಿಕಾರಿಗಳೂ ಕನ್ನಡದವರೇ, ಅವರ ಮನೆಯಲ್ಲಿ ಏನಾಯಿತು ಎಂದು ಒಬ್ಬ ಹುಡುಗಿ ಕೇಳಿದರೆ? ಆ ಪ್ರಶ್ನೆಯಿಂದ ಹುತಾತ್ಮರ ಗೌರವ ಕಮ್ಮಿ ಆಗುವುದಿಲ್ಲ. ಮಗುವಿಗೆ ಆ ದಿನದ ಭಾರ ಎಷ್ಟಿತ್ತು ಎಂದು ಗೊತ್ತಾಗುತ್ತದೆ.

ಒಂದು ಎಚ್ಚರದ ಮಾತನ್ನೂ ಹೇಳಲೇಬೇಕು. ಮನೆಯ ಇತಿಹಾಸ ಕೇಳಿಕೊಂಡು ಬಾ ಎಂದರೆ ಎಲ್ಲ ಮನೆಯಲ್ಲೂ ಹೇಳಿಕೊಳ್ಳುವಂಥದ್ದೇ ಸಿಗುತ್ತದೆ ಎಂದು ತಿಳಿಯಬೇಡಿ. ಜೀತಕ್ಕಿದ್ದ ಅಜ್ಜ ಇರಬಹುದು. ಜೀತ ಪದ್ಧತಿ ರದ್ದತಿ ಕಾಯ್ದೆ ಬಂದದ್ದು 1976ರಲ್ಲಿ, ತೀರಾ ಹಳೇ ಮಾತೇನಲ್ಲ. ದೇವಸ್ಥಾನದ ಒಳಗೆ ಬಿಡದ ನೆನಪು ಇರಬಹುದು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಮನೆ ಮಠ ಮುಳುಗಿ, ಲಾರಿಯಲ್ಲಿ ಸಾಮಾನು ತುಂಬಿಕೊಂಡು ಬಂದ ಕುಟುಂಬದ ಮೊಮ್ಮಕ್ಕಳೂ ನಮ್ಮ ಜಿಲ್ಲೆಯ ಶಾಲೆಗಳಲ್ಲಿದ್ದಾರೆ. ಹಕ್ಕುಪತ್ರಕ್ಕಾಗಿ ಇನ್ನೂ ಅಲೆಯುವವರು ಅವರಲ್ಲಿದ್ದಾರೆ. ಇಂಥ ಮಗುವನ್ನು ತರಗತಿಯ ಮುಂದೆ ನಿಲ್ಲಿಸಿ "ಓದು" ಎನ್ನಬಾರದು. ಹೇಳುವುದೋ ಬಿಡುವುದೋ ಅವಳ ಇಷ್ಟಕ್ಕೆ ಬಿಡಬೇಕು. ಮನೆಯ ಬದಲು ಊರಿನ ಕೆರೆ, ಸಂತೆ, ಅಕ್ಕಿ ಗಿರಣಿ, ಶಾಲೆಯ ಹಳೇ ಹಾಜರಿ ಪುಸ್ತಕ, ಏನನ್ನಾದರೂ ಆರಿಸಿಕೊಳ್ಳುವ ದಾರಿ ಇರಬೇಕು. ಹಾಗಂತ ಆ ಕಥೆಗಳಿಗೆ ಜಾಗವೇ ಕೊಡದೆ ಇರುವುದೂ ತಪ್ಪು. ಶಾಸನದಲ್ಲಿ ಹೆಸರಿಲ್ಲದ ಮನೆಗಳೇ ನಮ್ಮ ಊರುಗಳಲ್ಲಿ ಜಾಸ್ತಿ.

ಈಗ ಮೊಬೈಲ್ ಬೇರೆ ಸೇರಿಕೊಂಡಿದೆ. ಮೊದಲು ಪೇಟೆಗಾದರೂ ಹೋಗಬೇಕಿತ್ತು, ಈಗ ಕೂತಲ್ಲೇ ಕೇಳಿದರೆ ಪ್ರಬಂಧ ಬಂದುಬಿಡುತ್ತದೆ, ಒಳ್ಳೆ ಕನ್ನಡದಲ್ಲೇ ಬರುತ್ತದೆ. ಇದನ್ನು ತಡೆಯುವುದು ಯಾರ ಕೈಲೂ ಆಗುವ ಕೆಲಸ ಅಲ್ಲ. ಆದರೆ ಅಜ್ಜಿಯ ಟ್ರಂಕಿನಲ್ಲಿ ಏನಿದೆ ಎಂದು ಮೊಬೈಲಿಗೆ ಗೊತ್ತಿಲ್ಲ. ಕೆರೆ ಏರಿಯ ಕಲ್ಲಿನ ಮೇಲೆ ಎಷ್ಟು ಸಾಲು ಇದೆ ಎಂದೂ ಗೊತ್ತಿಲ್ಲ. "ಮೊಘಲರ ಕೊಡುಗೆಗಳು" ಎಂಬ ವಿಷಯ ಕೊಟ್ಟರೆ ನಕಲು ಬಂದೇ ಬರುತ್ತದೆ. "ನಿಮ್ಮೂರ ಸಂತೆ ಯಾವಾಗ ಶುರುವಾಯಿತು, ಯಾರು ಯಾರನ್ನು ಕೇಳಿದೆ?" ಎಂದರೆ ಮಗು ಎದ್ದು ಹೊರಗೆ ಹೋಗಲೇಬೇಕು.

ಹಾಗಾಗಿ ನನ್ನ ಕೋರಿಕೆಗಳು ಇವು.

ಅಧಿಕಾರಿಗಳಲ್ಲಿ ಮೊದಲು ಕೇಳುವುದು, ಇತಿಹಾಸಕ್ಕೆ ವರ್ಷಕ್ಕೆ ಒಂದೇ ಪ್ರಾಜೆಕ್ಟ್ ಸಾಕು ಎಂದು ಸೂಚನೆ ಕೊಡಿ. ನಾಲ್ಕು ಎಫ್ಎಗೂ ಬೇರೆ ಬೇರೆ ಫೈಲ್ ಬೇಡ. ಅದೇ ಒಂದು ಕೆಲಸದ ನಾಲ್ಕು ಹಂತಕ್ಕೆ ಅಂಕ ಕೊಡಬಹುದು: ಪ್ರಶ್ನೆ ಆರಿಸಿಕೊಂಡದ್ದಕ್ಕೆ, ಆಧಾರ ಹುಡುಕಿದ್ದಕ್ಕೆ, ಬರೆದದ್ದಕ್ಕೆ, ತರಗತಿಯಲ್ಲಿ ಹೇಳಿದ್ದಕ್ಕೆ. ಶಿಕ್ಷಕರ ಓದುವ ಹೊರೆಯೂ ಇಳಿಯುತ್ತದೆ. ಅಂದಕ್ಕೆ, ಸ್ಪೈರಲ್ ಬೈಂಡಿಂಗಿಗೆ, ಬಣ್ಣದ ಪ್ರಿಂಟಿಗೆ ಒಂದು ಅಂಕವೂ ಇಲ್ಲ ಎಂದು ಬರಹದಲ್ಲೇ ಹೇಳಿ. ಬಾಯಿಮಾತಲ್ಲಿ ಹೇಳಿದರೆ ಸಾಲದು, ಪೋಷಕರಿಗೂ ತಲುಪಬೇಕು. ಶಾಲಾ ತಪಾಸಣೆಗೆ ಬಂದಾಗ ಕಪಾಟಿನಲ್ಲಿ ಎಷ್ಟು ಫೈಲ್ ಇದೆ ಎಂದು ಎಣಿಸುವ ಬದಲು, ಯಾವುದಾದರೂ ಒಂದನ್ನು ತೆರೆದು ಬರೆದ ಮಗುವನ್ನು ಕರೆಸಿ "ಇದು ನಿನಗೆ ಹೇಗೆ ಗೊತ್ತಾಯ್ತು?" ಎಂದು ಕೇಳಿ. ಆ ಪ್ರಶ್ನೆ ಬರುತ್ತದೆ ಎಂದು ಗೊತ್ತಾದರೆ ಎಲ್ಲ ಶಾಲೆಯಲ್ಲೂ ಕೆಲಸ ತಾನಾಗಿ ಬದಲಾಗುತ್ತದೆ.

ಮುಖ್ಯ ಶಿಕ್ಷಕರಲ್ಲಿ ಕೇಳುವುದು ಸ್ವಲ್ಪವೇ. ಒಂದೆರಡು ಶನಿವಾರ ಮಕ್ಕಳನ್ನು ಊರೊಳಗೆ ಬಿಡಿ. ದೂರದ ಪ್ರವಾಸ ಬೇಕಿಲ್ಲ, ನಡೆದು ಹೋಗುವಷ್ಟು ದೂರ ಸಾಕು. ಪಂಚಾಯಿತಿಗೆ, ದೇವಸ್ಥಾನದವರಿಗೆ, ಹಿರಿಯರಿಗೆ ತೋರಿಸಲು ಶಾಲೆಯ ಸೀಲ್ ಇರುವ ಒಂದು ಪತ್ರ ಮಕ್ಕಳ ಕೈಗೆ ಕೊಡಿ. ಆ ಪತ್ರ ಇದ್ದರೆ ಜನ ಕೂರಿಸಿ ಮಾತಾಡುತ್ತಾರೆ, ಇಲ್ಲದಿದ್ದರೆ "ಹೋಗ್ರೋ ಓದ್ಕೊಳ್ಳಿ" ಎಂದು ಅಟ್ಟುತ್ತಾರೆ. ಇದು ನಾನು ಕಣ್ಣಾರೆ ಕಂಡದ್ದು. ಮಾರ್ಚ್ ಮುಗಿದ ಮೇಲೆ ಪ್ರಾಜೆಕ್ಟುಗಳನ್ನು ರದ್ದಿಗೆ ಹಾಕಬೇಡಿ. ಒಳ್ಳೆಯದು ಅನ್ನಿಸಿದವನ್ನು ಊರಿನ ಗ್ರಂಥಾಲಯಕ್ಕೆ ಕೊಡಿ. ಅಜ್ಜ ಅಜ್ಜಿಯರು ಹೇಳಿದ ಮಾತು ಇರುವ ನೋಟ್‌ಬುಕ್ ಇನ್ನೊಂದು ಸಲ ಸಿಗುವುದಿಲ್ಲ, ಯಾಕೆಂದರೆ ಹೇಳಿದವರೇ ಇರುವುದಿಲ್ಲ.

ಶಿಕ್ಷಕರೇ, ನಿಮ್ಮಲ್ಲಿ ಎಷ್ಟೋ ಜನ ಇದನ್ನು ಆಗಲೇ ಮಾಡುತ್ತಿದ್ದೀರಿ. ಸ್ವಂತ ಬೈಕಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗಿ ಶಾಸನ ತೋರಿಸುವವರನ್ನು ಕಂಡಿದ್ದೇನೆ. ಅಂಥವರಿಗೆ ಇಲಾಖೆಯ ಬೆಂಬಲ ಸಿಗಲಿ ಎಂಬುದೂ ಈ ಪತ್ರದ ಆಸೆ. ಉಳಿದವರಲ್ಲಿ ಕೇಳುವುದು ಒಂದೇ. ವಿಷಯದ ಪಟ್ಟಿ ಕೊಡುವಾಗ ಕೊನೆಗೆ ಒಂದು ಸಾಲು ಖಾಲಿ ಬಿಡಿ, ಮಗು ತನ್ನ ಪ್ರಶ್ನೆ ತಾನೇ ಬರೆಯಲಿ. ಮಗು ತಂದ ಉತ್ತರ ಪುಸ್ತಕದ್ದಕ್ಕೆ ಹೊಂದದೆ ಇದ್ದರೆ ಅಂಕ ಕಳೆಯಬೇಡಿ. ಯಾಕೆ ಹೊಂದಲಿಲ್ಲ ಎಂದು ಜೊತೆಗೆ ಕೂತು ಹುಡುಕಿ.

ನಮ್ಮ ಗ್ರಂಥಾಲಯದ ಕಡೆಯಿಂದ ಆಗುವುದನ್ನು ನಾವು ಮಾಡುತ್ತೇವೆ. ಒಂದು ಮೇಜು, ಒಂದು ಕಪಾಟು ಇದಕ್ಕೇ ಎಂದು ಬಿಟ್ಟುಕೊಡಲು ನಾನು ತಯಾರಿದ್ದೇನೆ. ನಮ್ಮ ಕಂಪ್ಯೂಟರಿನಲ್ಲಿ ಹಳೇ ಕಾಗದಗಳ ಫೋಟೊ ತೆಗೆದಿಟ್ಟು, ಮೂಲವನ್ನು ಅವತ್ತೇ ಮನೆಗೆ ವಾಪಸ್ ಕಳಿಸಬಹುದು. ಆ 10ನೇ ತರಗತಿಯ ಹುಡುಗಿಯ ನೋಟ್‌ಬುಕ್ಕಿನ ಜೆರಾಕ್ಸ್ ಪ್ರತಿಯನ್ನು ಅವಳ ಮನೆಯವರ ಒಪ್ಪಿಗೆ ಪಡೆದು ನಮ್ಮಲ್ಲಿ ಇಟ್ಟುಕೊಂಡಿದ್ದೇನೆ. ಯಾವ ಅಧಿಕಾರಿಗಳು, ಯಾವ ಶಿಕ್ಷಕರು ಬಂದರೂ ಓದಬಹುದು. ಇಷ್ಟು ಉದ್ದದ ನನ್ನ ಪತ್ರಕ್ಕಿಂತ ಅದನ್ನೇ ಓದಿದರೆ ಒಳ್ಳೆಯದು.

ಸೂಚನೆ ಕೊಡುವ ಮನಸ್ಸು ಮಾಡಿದರೆ ದಯವಿಟ್ಟು ದಸರಾ ರಜೆಗೆ ಮುಂಚೆಯೇ ಕೊಡಿ. ರಜೆಯಲ್ಲಿ ಮಕ್ಕಳು ಅಜ್ಜಿ ಮನೆಗೆ ಹೋಗುತ್ತಾರೆ, ಮಳೆಯೂ ಕಮ್ಮಿ ಆಗಿರುತ್ತದೆ, ಗದ್ದೆ ಕೆಲಸದ ನಡುವೆ ದೊಡ್ಡವರಿಗೂ ಸ್ವಲ್ಪ ಬಿಡುವಿರುತ್ತದೆ. ಎಫ್ಎ-3ರ ಹೊತ್ತಿಗೆ ಹೇಳಿದರೆ ಮತ್ತೆ ಎಲ್ಲರೂ ಜೆರಾಕ್ಸ್ ಅಂಗಡಿಯ ಮುಂದೆ ಸಾಲು ನಿಲ್ಲುತ್ತಾರೆ.

ಇಂತಿ ತಮ್ಮ ವಿಶ್ವಾಸಿ,
ಗ್ರಾಮ ಪಂಚಾಯಿತಿ ಗ್ರಂಥಾಲಯ ಮೇಲ್ವಿಚಾರಕಿ,
ಶಿಕಾರಿಪುರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ